ಮನೆವಾರ್ತೆ: ಟವರ್ ಸ್ಪೀಕರು ಕೊಳ್ಳಹೊರಟದ್ದು

ಕಳೆದ ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕಕ್ಕೆ ಕುಳಿತಿದ್ದ ಸಂಘದ ಸದಸ್ಯರೊಬ್ಬರು, "ನೀವು ಮನೆವಾರ್ತೆ ಬರೆಯುವವರು. ಮನೆಯಲ್ಲಿ ಸಂಗೀತ ಕೇಳುವುದಕ್ಕೆ ಟವರ್ ಸ್ಪೀಕರು ಕೊಳ್ಳಬೇಕೆಂದಿದ್ದೇನೆ. ಎಂಥದು ಕೊಳ್ಳಲಿ, ಹೇಳಿ" ಎಂದು ಕೇಳಿದರು. ಆಗ ನಮ್ಮ ಬಾಯಲ್ಲಿ ಹೋಳಿಗೆಯಿತ್ತು. ತಲೆಯಲ್ಲಾಡಿಸಿ ತಪ್ಪಿಸಿಕೊಂಡೆವು. ನಿಜ ಹೇಳಬೇಕೆಂದರೆ ತಪ್ಪಿಸಿಕೊಂಡದ್ದಕ್ಕೆ ಹೋಳಿಗೆಯೊಂದೇ ಕಾರಣವಲ್ಲ. ಅದೇ ಸ್ಪೀಕರಿಗಾಗಿ ಎರಡು ತಿಂಗಳು ನಾಸಿಕದ ಅಂಗಡಿಗಳನ್ನು ಅಲೆದು, ಕೊನೆಗೆ ಬೇರೆಯೇ ಒಂದು ಸಾಮಾನು ಕೊಂಡು ಮನೆಗೆ ಬಂದವರು ನಾವು. ಆ ಕಥೆ ಪಾಯಸ ಬರುವುದರೊಳಗೆ ಹೇಳಿ ಮುಗಿಯುವಂಥದಲ್ಲ. ಆದುದರಿಂದ ಇಲ್ಲಿ ಹೇಳುತ್ತೇವೆ.

ಓಝರಿನ ಕನ್ನಡಿಗರಿಗೆ ಸದ್ದು ಹೊಸದಲ್ಲ. ೧೯೬೪ರಲ್ಲಿ ಇಲ್ಲಿ ಮಿಗ್ ವಿಮಾನಗಳ ಕಾರ್ಖಾನೆ ಬಂದಂದಿನಿಂದ ನಮ್ಮ ತಲೆಯ ಮೇಲೆ ಗುಡುಗು ತಪ್ಪಿದ್ದಿಲ್ಲ. ಮಿಗ್-೨೧ ವಿಮಾನವೇನೋ ೨೦೨೫ರ ಸೆಪ್ಟೆಂಬರಿನಲ್ಲಿ ವಾಯುಸೇನೆಯಿಂದ ನಿವೃತ್ತವಾಯಿತು, ಗುಡುಗು ನಿವೃತ್ತವಾಗಲಿಲ್ಲ. ಸಂಗೀತವೂ ನಮಗೆ ಹೊಸದಲ್ಲ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಮಿರಜೆಯ ನೀಲಕಂಠಬುವಾ ಅವರಲ್ಲಿ ಕಲಿತರು. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ದಾಸರ ಪದವನ್ನೂ ಮರಾಠಿ ಅಭಂಗವನ್ನೂ ಒಂದೇ ಕಂಠದಲ್ಲಿ ಹಾಡಿದರು. ಹೊಟ್ಟೆಪಾಡಿಗೆ ಗಡಿ ದಾಟಿ ಬಂದ ನಮ್ಮಂಥವರಿಗೆ ಇವರು ಈ ನಾಡಿನಲ್ಲಿ ಮೊದಲೇ ಮನೆ ಮಾಡಿದ ನೆಂಟರಿದ್ದ ಹಾಗೆ.

ಈಗ ಮನೆಯ ವಿಷಯ. ನಮ್ಮ ತಂದೆಯವರು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಾಸ್ತರರಾಗಿದ್ದವರು. ತಾಯಿಯವರು ತೀರಿಕೊಂಡ ಮೇಲೆ, ಎರಡು ವರ್ಷದ ಕೆಳಗೆ, ನಮ್ಮಲ್ಲಿಗೆ ಬಂದರು. ವಯಸ್ಸು ಎಪ್ಪತ್ತನಾಲ್ಕು. ಊರಲ್ಲಿ ಅವರ ದಿನ ಆರಂಭವಾಗುತ್ತಿದ್ದುದೇ ಧಾರವಾಡ ಆಕಾಶವಾಣಿಯಿಂದ. ಆ ನಿಲಯ ಹುಟ್ಟಿದ್ದು ೧೯೫೦ರ ಜನವರಿ ೮ರಂದು. ಅದಕ್ಕಿಂತ ತಾವು ಒಂದೆರಡು ವರ್ಷ ಕಿರಿಯರೆಂದು ಅವರು ಹೇಳಿಕೊಳ್ಳುವುದುಂಟು. ಇಲ್ಲಿಗೆ ಬಂದ ಹೊಸದರಲ್ಲಿ ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದರು. ಕೆಲವು ತಿಂಗಳ ಮೇಲೆ ಅದನ್ನೂ ಬಿಟ್ಟರು. ಏಕೆಂದು ಕೇಳಿದರೆ, "ಅದರಾಗ ಜೀವ ಇಲ್ಲೋ ತಮ್ಮಾ" ಎಂದರು. ಬರಬರುತ್ತ ಮಾತೂ ಕಡಿಮೆಯಾಯಿತು. ನಮ್ಮ ಎಂಟು ವರ್ಷದ ಮಗಳು ಶಾಲೆಯ ಸುದ್ದಿ ಹೇಳಹೋದರೆ, ಎಲ್ಲದಕ್ಕೂ "ಹೂಂ" ಎನ್ನುವರು. "ಅಜ್ಜಾ, ನನ್ನ ಪೆನ್ಸಿಲ್ ಎಲ್ಲಿ?" ಎಂದರೂ "ಹೂಂ". ಹುಡುಗಿಗೆ ಬೇಸರ ಬಂತು. ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಮರಾಠಿ. ಕನ್ನಡಕ್ಕೆ ಇದ್ದದ್ದು ಅಜ್ಜನೊಬ್ಬ. ಅವನೂ ಮಾತು ಬಿಟ್ಟ ಮೇಲೆ, ನಮ್ಮೊಡನೆಯೂ ಅವಳು ಮರಾಠಿಯಲ್ಲೇ ಉತ್ತರ ಕೊಡತೊಡಗಿದಳು. ಮುದುಕರಿಗೆ ಊರ ನೆನಪು, ಮಗುವಿಗೆ ಹಟ, ಎಂದು ನಾವು ಸುಮ್ಮನಾದೆವು.

ಅಷ್ಟರಲ್ಲಿ ತುಟ್ಟಿಭತ್ಯೆಯ ಹಿಂಬಾಕಿ ಬಂತು. ಇದ್ದ ಉಳಿತಾಯವನ್ನು ಅದಕ್ಕೆ ಕೂಡಿಸಿದರೆ ಅರವತ್ತು ಸಾವಿರವಾಯಿತು. ಒಳ್ಳೆಯ ಸ್ಪೀಕರು ತಂದು ಭೀಮಸೇನರನ್ನು ಹಾಲಿನಲ್ಲಿ ಕೂಡಿಸಿದರೆ ಅಪ್ಪ ಮತ್ತೆ ಮೊದಲಿನಂತಾಗುವರೆಂದು ನಾವು ಮನೆಯಲ್ಲಿ ಘೋಷಿಸಿದೆವು. ನಮ್ಮಾಕೆ ರೊಟ್ಟಿ ಬಡಿಯುತ್ತಿದ್ದವರು ತಲೆಯೆತ್ತದೆ, "ಅಲ್ರೀ, ಆಸೆ ನಿಮ್ದು, ಹೆಸರು ಮಾವಾರ್ದು" ಎಂದರು. ಈ ಮಾತಿಗೆ ನಾವು ಆಗ ಕಿವಿಗೊಡಲಿಲ್ಲ.

ಬಿ.ಎ. ಓದಿದ ಗುಮಾಸ್ತರು ಏನನ್ನಾದರೂ ಕೊಳ್ಳುವ ಮೊದಲು ಒಂದು ಫೈಲು ತೆರೆಯುತ್ತಾರೆ. ನಾವೂ ತೆರೆದೆವು. ಅದರಲ್ಲಿ ಬರೆದುಕೊಂಡದ್ದರ ಸಾರಾಂಶ ಇಷ್ಟು.

ಟವರ್ ಸ್ಪೀಕರೆಂದರೆ ನೆಲದ ಮೇಲೆ ನಿಲ್ಲುವ, ಮೂರು ಮೂರೂವರೆ ಅಡಿ ಎತ್ತರದ ಡಬ್ಬ. ಒಂದು ಜೊತೆ ಬೇಕು. ಡಬ್ಬದ ಮುಖದಲ್ಲಿ ಕಾಗದದ್ದೋ ಪ್ಲಾಸ್ಟಿಕ್ಕಿನದೋ ಶಂಕುಗಳಿರುತ್ತವೆ. ಶಂಕುವಿನ ಬುಡಕ್ಕೆ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ವಿದ್ಯುತ್ತು ಹರಿದಂತೆ ಸುರುಳಿ ಅಲುಗುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ನಮಗೆ ಹಾಡು ಕೇಳುತ್ತದೆ. ಇದನ್ನು ಇಂದಿನ ರೂಪಕ್ಕೆ ತಂದವರು ರೈಸ್ ಮತ್ತು ಕೆಲಾಗ್ ಎಂಬ ಅಮೆರಿಕದ ಇಬ್ಬರು ಎಂಜಿನಿಯರರು, ೧೯೨೫ರಲ್ಲಿ. ನೂರು ವರ್ಷ ಕಳೆದರೂ ಮೂಲತತ್ವ ಬದಲಾಗಿಲ್ಲ. ದೊಡ್ಡ ಶಂಕು ತಗ್ಗಿನ ಸ್ವರಕ್ಕೆ, ಅದು ವೂಫರ್. ಚಿಕ್ಕದು ಎತ್ತರದ ಸ್ವರಕ್ಕೆ, ಅದು ಟ್ವೀಟರ್. ಯಾವ ಸ್ವರ ಯಾರ ಮೇಜಿಗೆ ಹೋಗಬೇಕೆಂದು ಹಂಚಿಕೊಡುವ ಕ್ರಾಸ್‌ಓವರ್ ಎಂಬುದೊಂದು ಒಳಗಿರುತ್ತದೆ. ನಮ್ಮ ಕಚೇರಿಯಲ್ಲಿ ಟಪಾಲು ಗುಮಾಸ್ತ ಮಾಡುವ ಕೆಲಸವೇ ಅದರದು. ಅವನು ತಪ್ಪಿದರೆ ಇಡೀ ಕಚೇರಿ ಕೆಟ್ಟಂತೆ, ಅದು ಕೆಟ್ಟದ್ದಾದರೆ ಸ್ಪೀಕರು ಕೆಟ್ಟಿತು.

ಟವರಿನ ಲಾಭ ಏನೆಂದರೆ, ಡಬ್ಬ ದೊಡ್ಡದಾದ್ದರಿಂದ ತಗ್ಗಿನ ಸ್ವರ ಸರಾಗವಾಗಿ ಹೊರಡುತ್ತದೆ. ಕೆಳಗೆ ಸ್ಟ್ಯಾಂಡು ಬೇಕಾಗುವುದಿಲ್ಲ. ಸೋಫಾದಲ್ಲಿ ಕುಳಿತವರ ಕಿವಿಯ ಎತ್ತರಕ್ಕೆ ಟ್ವೀಟರು ಬರುತ್ತದೆ. ಆದರೆ ನಮ್ಮ ಮನೆಯಲ್ಲಿ ಹಾಡು ಕೇಳುವುದು ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ. ಎತ್ತರದ ಸ್ವರ ಬ್ಯಾಟರಿಯ ಬೆಳಕಿನಂತೆ ನೇರ ಹೋಗುವ ಸ್ವಭಾವದ್ದು. ಕಿವಿ ಬಹಳ ಕೆಳಗಿದ್ದರೆ ಅದು ತಲೆಯ ಮೇಲಿಂದ ದಾಟಿಹೋಗುತ್ತದೆ. ಇದನ್ನು ಯಾವ ಅಂಗಡಿಯವರೂ ಹೇಳಲಿಲ್ಲ. ಅವರ ಸೋಫಾಗಳು ಅಷ್ಟು ಚೆನ್ನಾಗಿದ್ದವು.

ಇನ್ನು ಕೋಣೆ. ನಮ್ಮ ಹಾಲು ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರ್ ಓಡುತ್ತದೆ. ಹನ್ನೆರಡು ಅಡಿ ದೂರದ ಎರಡು ಗೋಡೆಗಳ ನಡುವೆ, ಸೆಕೆಂಡಿಗೆ ಸುಮಾರು ೪೭ ಕಂಪನಗಳ ಸ್ವರ ಸಿಕ್ಕಿಕೊಂಡು ಕೊಡದೊಳಗೆ ಕೂಗಿದಂತೆ ಗುಂಯ್‌ಗುಡುತ್ತದೆ. ದೊಡ್ಡ ಸ್ಪೀಕರು ಆ ಸ್ವರವನ್ನೇ ಧಾರಾಳವಾಗಿ ಕೊಡುತ್ತದೆ. ಮೂಲೆಗೆ ಒತ್ತಿ ಇಟ್ಟರಂತೂ ಮತ್ತೂ ಹೆಚ್ಚು. ಕರಿ ಒಂದರ ಶ್ರುತಿಗೆ ಹೂಡಿದ ಗಂಡುದನಿಯ ತಂಬೂರಿಯಲ್ಲಿ ಎಲ್ಲಕ್ಕಿಂತ ತಗ್ಗಿನ ಖರ್ಜದ ತಂತಿಯೂ ಸುಮಾರು ೭೦ ಕಂಪನದ್ದು. ಅದಕ್ಕೂ ಬಹಳ ಕೆಳಗಿನ ಸ್ವರಕ್ಕಾಗಿ ಕೊಡುವ ಹಣ ಸಿನಿಮಾದ ಗುಡುಗಿಗೆ ಉಪಯೋಗವಾದೀತು. ಹಾಡುಗಾರಿಕೆ ಕೇಳುವವರಿಗೆ ಅಷ್ಟಾಗಿ ಆಗದು. ಮೇಲಾಗಿ ತಗ್ಗಿನ ಸದ್ದು ಗೋಡೆ ದಾಟುವುದರಲ್ಲಿ ಗಟ್ಟಿಗ. ನಮ್ಮ ತಬಲಾ ಪಕ್ಕದ ಮನೆಯವರ ನಿದ್ದೆಯಲ್ಲಿ ನುಡಿಯುತ್ತದೆ.

ವ್ಯಾಟಿನ ಲೆಕ್ಕದಲ್ಲೂ ಮೋಸಹೋಗಬಾರದು. ಡಬ್ಬದ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಎಂದು ಬರೆದಿದ್ದರೆ ಅದು ಮದುವೆಯ ಮಾತಿನಲ್ಲಿ ಹೇಳುವ ಸಂಬಳದ ಹಾಗೆ. ಕೈಗೆ ಬರುವುದು ಆರ್‌ಎಂಎಸ್ ಎಂಬ ಸಣ್ಣ ಅಂಕೆ. ಅದಕ್ಕಿಂತಲೂ ನೋಡಬೇಕಾದದ್ದು ಸೆನ್ಸಿಟಿವಿಟಿ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆಂಬುದು. ೮೬ರ ಸ್ಪೀಕರು ಮಾಡುವ ಸದ್ದನ್ನು ೮೯ರದ್ದು ಅರ್ಧ ಶಕ್ತಿಯಲ್ಲೇ ಮಾಡುತ್ತದೆ. ಇನ್ನೊಂದು ಎಚ್ಚರ: ಎರಡು ಸ್ಪೀಕರುಗಳಲ್ಲಿ ಯಾವುದು ತುಸು ಜೋರಾಗಿರುತ್ತದೋ ಅದೇ ಚೆನ್ನಾಗಿದೆಯೆಂದು ಕಿವಿ ಹೇಳುತ್ತದೆ. ಆದ್ದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ತರಿಸಿ, ನಮಗೆ ಬಾಯಿಪಾಠವಾದ ಹಾಡನ್ನೇ ಹಾಕಿಸಿ ಕೇಳಬೇಕು.

ಫೈಲು ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ನಾಸಿಕಕ್ಕೆ ಹೋದೆವು. ಅಂಗಡಿಯ ಹುಡುಗ ಭೀಮಸೇನರ ದಾಸವಾಣಿ ಹಾಕಿದ. ಕಂಠ ಎದುರಿಗೆ ನಿಂತಂತೆ ಬಂತು. ನಮಗೆ ಮೈ ಜುಂ ಎಂದಿತು. ಅಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಗೆದ್ದೆವೆಂದುಕೊಂಡು, "ಹ್ಯಾಂಗದ ಅಪ್ಪಾ?" ಎಂದೆವು. ಎರಡು ಸಲ ಕೇಳಬೇಕಾಯಿತು.

"ತಬಲಾ ಭಾಳ ಛಲೋ ಕೇಳಸ್ತದ" ಎಂದರು. ತುಸು ಹೊತ್ತು ಬಿಟ್ಟು, "ಯಾವ ಪದ ಅದು? ಶಬ್ದ ತಿಳೀವಲ್ದು" ಎಂದರು.

ಆ ಪದವನ್ನು ನಮಗೆ ಬಾಲ್ಯದಲ್ಲಿ ಕಲಿಸಿದವರು ಅವರೇ. ನಾವು ಹುಡುಗನ ಕಡೆ ತಿರುಗಿ ಸದ್ದು ಹೆಚ್ಚಿಸೆಂದೆವು. ಹೆಚ್ಚಿಸಿದ. ಅಪ್ಪ ಮುಖ ಕಿವುಚಿದರು. ಶಬ್ದ ಮಾತ್ರ ತಿಳಿಯಲಿಲ್ಲ. ಆಗ ಆ ಹುಡುಗ ಸ್ಪೀಕರು ನಿಲ್ಲಿಸಿ ಮರಾಠಿಯಲ್ಲಿ ಮೆಲ್ಲನೆ, "ಸಾಹೇಬ್, ತಪ್ಪು ತಿಳಿಯಬೇಡಿ. ನನ್ನ ಅಜ್ಜನಿಗೂ ಹೀಗೇ ಇತ್ತು. ಮೊದಲು ಬಾಬಾರ ಕಿವಿ ತೋರಿಸಿ. ಸ್ಪೀಕರು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದ. ಒಂದು ಜೊತೆ ಮಾರುವುದನ್ನು ಬಿಟ್ಟು ಹೀಗೆ ಹೇಳಿದವನಿಗೆ ನಾವು ಋಣಿಗಳು.

ಕಿವಿಯ ಡಾಕ್ಟರರು ಮೊದಲು ಗುಗ್ಗೆಯಿದೆಯೇ ಎಂದು ನೋಡಿದರು. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕೂಡಿಸಿ, ೨೫೦ರಿಂದ ೮,೦೦೦ ಕಂಪನದವರೆಗಿನ ಸ್ವರಗಳನ್ನು ಒಂದೊಂದಾಗಿ ಕೇಳಿಸಿ ಪರೀಕ್ಷೆ ಮಾಡಿಸಿದರು. ಬಂದ ಗೆರೆ ಎಡಗಡೆ ಸಮವಾಗಿದ್ದು ಬಲಗಡೆ ಬಾವಿಗಿಳಿದಂತೆ ಇಳಿದಿತ್ತು. ಡಾಕ್ಟರರು ವಿವರಿಸಿದ್ದು ಹೀಗೆ: ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಾಕ್ಷರಗಳ ಬಲ ತಗ್ಗಿನ ಕಂಪನಗಳಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಎತ್ತರದಲ್ಲಿದೆ, ಅದೂ ಬಹಳ ಮೆಲ್ಲಗೆ. ಆದ್ದರಿಂದ ಸದ್ದು ಕೇಳುತ್ತದೆ, ಶಬ್ದ ತಿಳಿಯುವುದಿಲ್ಲ. ಜೋರು ಮಾಡಿದರೆ ಕೇಳುವುದೇ ಇನ್ನೂ ಜೋರಾಗುತ್ತದೆ. ಕೇಳದಿರುವುದು ಅದರಡಿ ಮುಚ್ಚಿಹೋಗುತ್ತದೆ. ಮಕ್ಕಳ ಸಣ್ಣ ದನಿ ಎಲ್ಲಕ್ಕಿಂತ ಕಷ್ಟ.

ಎರಡು ವರ್ಷದ "ಹೂಂ" ಎಲ್ಲಿಂದ ಬಂತೆಂದು ಆಗ ನಮಗೆ ತಿಳಿಯಿತು. ಊರ ನೆನಪೂ ಅಲ್ಲ, ಹಟವೂ ಅಲ್ಲ. ಹಿಂತಿರುಗುವಾಗ ದಾರಿಯುದ್ದಕ್ಕೂ ನಾವು ಮಾತಾಡಲಿಲ್ಲ.

ಎರಡು ಕಿವಿಗೂ ಯಂತ್ರಕ್ಕೆ ನಲವತ್ತು ಸಾವಿರ. ಅಪ್ಪ ಒಪ್ಪಲಿಲ್ಲ. "ಈ ವಯಸ್ಸಿನಾಗ ನನಗ ಯಾಕ ರೊಕ್ಕ ಹಾಕ್ತಿ? ನಿನಗ ಆ ಕಂಬ ಮನಸ್ಸಿಗೆ ಬಂದಾವ, ತೊಗೋ" ಎಂದರು. ಓದುಗರಲ್ಲಿ ಸುಳ್ಳೇಕೆ? ಒಂದು ರಾತ್ರಿ ಪೂರ್ತಿ ನಮಗೂ ಹಾಗೇ ಅನ್ನಿಸಿತ್ತು. ರೊಟ್ಟಿ ಬಡಿಯುತ್ತ ನಮ್ಮಾಕೆ ಆಡಿದ ಮಾತು ಆ ರಾತ್ರಿ ನೆನಪಾಯಿತು. ಬೆಳಗಾಗೆದ್ದು ಯಂತ್ರಕ್ಕೆ ಮುಂಗಡ ಕೊಟ್ಟು ಬಂದೆವು.

ಯಂತ್ರ ಹಾಕಿದೊಡನೆ ಎಲ್ಲ ಸರಿಯಾಯಿತೆಂದು ತಿಳಿಯಬೇಡಿ. ಮೊದಲ ವಾರ ಪಾತ್ರೆಯ ಸದ್ದಿಗೆ ಅಪ್ಪ ಬೆಚ್ಚಿಬೀಳುತ್ತಿದ್ದರು. ಎರಡು ಸಲ ತೆಗೆದು ಡಬ್ಬಿಯಲ್ಲಿಟ್ಟರು. ಹಾಡು ಹಾಕಿದರೆ ತಂಬೂರಿ ನಡುಗುತ್ತದೆಂದರು. ಯಂತ್ರ ಕೂಡಿಸಿಕೊಟ್ಟವರನ್ನು ಕೇಳಿದಾಗ ಕಾರಣ ತಿಳಿಯಿತು: ಕಿವಿಯಂತ್ರವನ್ನು ಮಾತಿಗಾಗಿ ಮಾಡಿರುತ್ತಾರೆ. ಅದರೊಳಗೆ ಶಿಳ್ಳೆಯನ್ನು ಅಡಗಿಸುವ ಏರ್ಪಾಡು ಉಂಟು. ಎಡೆಬಿಡದೆ ನುಡಿಯುವ ತಂಬೂರಿಯನ್ನು ಅದು ಶಿಳ್ಳೆಯೆಂದೇ ತಿಳಿದು ಅಡಗಿಸಹೋಗುತ್ತದೆ. ಸಂಗೀತಕ್ಕೆಂದು ಬೇರೆ ಪ್ರೋಗ್ರಾಮು ಹಾಕಿಕೊಟ್ಟರು; ತಂಬೂರಿ ನಿಂತಿತು. ನಮ್ಮ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೦ರ ದಶಕದಿಂದ ಇಂಥ ಪರೀಕ್ಷೆ, ಚಿಕಿತ್ಸೆಗಳನ್ನು ಮಾಡುತ್ತ ಬಂದಿದೆ. ರಜೆಗೆ ಊರಿಗೆ ಹೋಗುವವರು ಅಲ್ಲಿಯೂ ತೋರಿಸಬಹುದು.

ಉಳಿದ ಇಪ್ಪತ್ತು ಸಾವಿರದಲ್ಲಿ, ಆಂಪ್ಲಿಫೈಯರು ಒಳಗೇ ಇರುವ ಒಂದು ಜೊತೆ ಸಣ್ಣ ಸ್ಪೀಕರು ತಂದೆವು. ಬಡಿಗರಿಂದ ಗಿಡ್ಡ ಮರದ ಪೀಠ ಮಾಡಿಸಿ, ಟ್ವೀಟರು ಚಾಪೆಯ ಮೇಲೆ ಕುಳಿತವರ ಕಿವಿಗೆ ಸಮನಾಗುವಂತೆ ಇಟ್ಟೆವು. ಗೋಡೆಯಿಂದ ಒಂದೂವರೆ ಅಡಿ ಮುಂದೆ. ಎರಡು ಸ್ಪೀಕರಿಗೂ ನಮಗೂ ಸಮದೂರ. ನಮ್ಮ ಹಾಲಿಗೆ ಅಷ್ಟೇ ಸಾಕಾಯಿತು.

ಈಗ ಹೋಳಿಗೆಯ ಮಿತ್ರರಿಗೆ ಉತ್ತರ. ನಿಮ್ಮ ಹಾಲು ಹದಿನೈದು ಇಪ್ಪತ್ತು ಅಡಿ ಇದ್ದು, ಸೋಫಾದಲ್ಲಿ ಕುಳಿತು ಕೇಳುವವರಾದರೆ, ಗೋಡೆಯಿಂದ ಎರಡು ಮೂರಡಿ ಮುಂದಿಡಲು ಜಾಗವಿದ್ದರೆ, ಟವರನ್ನೇ ಕೊಳ್ಳಿ. ಅದರ ಸುಖವೇ ಬೇರೆ. ಇಲ್ಲದಿದ್ದರೆ ಸಣ್ಣದು ಲೇಸು. ಯಾವುದನ್ನು ಕೊಂಡರೂ ಅದನ್ನು ಕೇಳಬೇಕಾದವರನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಅರುವತ್ತು ದಾಟಿದವರಿದ್ದು, ಟಿವಿಯ ಸದ್ದು ವರ್ಷವರ್ಷಕ್ಕೆ ಏರುತ್ತಿದ್ದರೆ, ಅಂಗಡಿಗೆ ಮೊದಲು ಡಾಕ್ಟರರಲ್ಲಿಗೆ ಹೋಗಿ.

ಮೊನ್ನೆ ಭಾನುವಾರ ಹಾಡು ಮುಗಿದ ಮೇಲೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ತನ್ನ ಸಣ್ಣ ದನಿಯಲ್ಲಿ, "ಅಜ್ಜಾ, ಆ ಪುಸ್ತಕ ಕೋಡು" ಎಂದಳು. ಮರಾಠಿಯಲ್ಲಿ ಬೆಳೆಯುವ ಮಕ್ಕಳಿಗೆ ನಮ್ಮ ಹ್ರಸ್ವ ಒಕಾರ ಕಷ್ಟ. ಅಪ್ಪ ತಿರುಗಿ ನೋಡಿದರು.

"ಕೋಡು ಎತ್ತಿಗೆ ಇರ್ತಾವ ತಂಗೀ, ನನಗಿಲ್ಲ. ಕೊಡು ಅನ್ನು, ಕೊಡ್ತೀನಿ."

"ಕೊಡು" ಎಂದಳು. ಕೊಟ್ಟರು.