ಬೆಟ್ಟ ನೋಡಬರುವವರೂ ಬೇಸಾಯಗಾರನೂ

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೂ, ಚಂದ್ರವಳ್ಳಿಯ ಕಣಿವೆಯನ್ನೂ, ಜೋಗಿಮಟ್ಟಿಯ ಶಿಖರವನ್ನೂ ನೋಡುವುದಕ್ಕಾಗಿ ದೂರದ ಊರುಗಳಿಂದ ಜನರು ಬರುತ್ತಿರುವುದು ಎಲ್ಲರೂ ಬಲ್ಲ ಸಂಗತಿಯಷ್ಟೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತೀ ನದಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರವು 1933ರ ತರುವಾಯ 2022ರಲ್ಲಿ, ಎಂದರೆ 89 ವರ್ಷಗಳ ಮೇಲೆ, ಕೋಡಿ ಹರಿದಾಗ ಅದನ್ನು ಕಣ್ಣಾರೆ ಕಾಣಬೇಕೆಂದು ನೆರೆದ ಜನಸಂದಣಿಯನ್ನು ಆ ಭಾಗದ ಗ್ರಾಮಸ್ಥರು ಮರೆತಿರಲಾರರು. ಬಂದವರು ನೀರನ್ನು ನೋಡಿದರು. ಹೆದ್ದಾರಿಯ ಹೋಟೆಲುಗಳಲ್ಲಿ ಊಟಮಾಡಿ ಹಿಂದಿರುಗಿದರು. ದಾರಿಯ ಎರಡು ಪಕ್ಕಗಳಲ್ಲಿಯೂ ದಾಳಿಂಬೆಯನ್ನೂ ತೆಂಗನ್ನೂ ಬೆಳೆದು ನಿಂತಿದ್ದ ರೈತನಿಗೆ ದೊರೆತುದೇನು? ವಾಹನಗಳ ಧೂಳು, ಬದುವಿನ ಮೇಲೆ ಬಿಸುಟ ಖಾಲಿ ಸೀಸೆ, ಪ್ಲಾಸ್ಟಿಕ್ ಚೀಲ, ಇಷ್ಟೆ.

ಇದು ಹೀಗೆಯೇ ಇರಬೇಕೆಂಬ ನಿಯಮವೇನೂ ಇಲ್ಲ. ಇಟಲಿ ದೇಶದ ವಾಯವ್ಯ ಭಾಗದಲ್ಲಿ ಪಿಯೆಮೊಂಟೆ ಎಂಬ ಸೀಮೆಯುಂಟು. ಅಲ್ಲಿನ ಲಾಂಗೆ, ರೊಯೆರೊ, ಮೊನ್ಫೆರಾಟೊ ಎಂಬ ಗುಡ್ಡಗಾಡುಗಳ ಇಳಿಜಾರುಗಳಲ್ಲಿ ತಲೆತಲಾಂತರದಿಂದ ದ್ರಾಕ್ಷಿಯನ್ನು ಬೆಳೆದು ಮದ್ಯವನ್ನು ತಯಾರಿಸುತ್ತಾರೆ. ಮದ್ಯದ ಗುಣದೋಷಗಳ ವಿಚಾರವು ಇಲ್ಲಿ ಪ್ರಸ್ತುತವಲ್ಲ; ಆ ರೈತರು ನಡೆದುಕೊಂಡ ರೀತಿಯು ಮಾತ್ರ ಗಮನಾರ್ಹವಾದುದು. ಎರಡನೆಯ ಮಹಾಯುದ್ಧವು ಮುಗಿದ ಮೇಲಿನ ದಶಕಗಳಲ್ಲಿ ಲಾಂಗೆ ಗುಡ್ಡಗಳು ಕಡುಬಡತನದ ಸೀಮೆಯಾಗಿದ್ದುವು. ಅಲ್ಲಿನ ತರುಣರು ಟುರಿನ್ ಪಟ್ಟಣದ ಮೋಟಾರು ಕಾರ್ಖಾನೆಗಳಿಗೆ ಕೂಲಿಗಾಗಿ ಹೊರಟುಹೋಗಿ, ಎಷ್ಟೋ ಮನೆಗಳು ಬೀಗಮುದ್ರೆಯಾಗಿ ನಿಂತುವು. ಇಂದಾದರೋ ಅದೇ ಗುಡ್ಡಗಳ ಮೇಲೆ ನಡೆದಾಡುವುದಕ್ಕೂ, ಸೈಕಲ್ ಸವಾರಿಗೂ, ಶರತ್ಕಾಲದಲ್ಲಿ ದ್ರಾಕ್ಷಿಯ ಕೊಯಿಲನ್ನು ನೋಡುವುದಕ್ಕೂ, ಮರದ ಬೇರುಗಳ ಬಳಿ ನೆಲದೊಳಗೆ ಬೆಳೆಯುವ ಬಿಳಿಯ ಅಣಬೆಯನ್ನು ನಾಯಿಗಳು ಮೂಸಿ ಹುಡುಕುವ ವಿನೋದಕ್ಕೂ ನಾನಾ ದೇಶಗಳ ಜನರು ಬರುತ್ತಾರೆ. 2014ರಲ್ಲಿ ಯುನೆಸ್ಕೋ ಸಂಸ್ಥೆಯು ಆ ದ್ರಾಕ್ಷಿತೋಟಗಳ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈ ಮನ್ನಣೆಯು ಕೇವಲ ಕೋಟೆ ಅರಮನೆಗಳಿಗೆ ಸಂದುದಲ್ಲ. ರೈತನು ಸಾಲುಹಿಡಿದು ನೆಟ್ಟ ಬಳ್ಳಿಗೂ, ಅವನ ಉಗ್ರಾಣಕ್ಕೂ, ಅವನ ಕಸುಬಿನ ಅರಿವಿಗೂ ಸಂದುದು.

ಆ ದೇಶದವರು ಮಾಡಿಕೊಂಡ ಒಂದು ಕಟ್ಟಳೆಯು ಮುಖ್ಯವಾದುದು. 1985ರಲ್ಲಿ ಇಟಲಿಯಲ್ಲಿ ಬೇಸಾಯಗಾರನ ಮನೆಯ ಆತಿಥ್ಯವನ್ನು ಕುರಿತು ಒಂದು ಕಾಯಿದೆಯಾಯಿತು; 2006ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿತು. ಎರಡರ ತಿರುಳೂ ಒಂದೇ. ಅತಿಥಿಗಳನ್ನು ಇಳಿಸಿಕೊಂಡು ಊಟೋಪಚಾರಗಳನ್ನು ನಡಸತಕ್ಕವನು ಸ್ವತಃ ಬೇಸಾಯಗಾರನಾಗಿರಬೇಕು; ಬೇಸಾಯವೇ ಅವನ ಪ್ರಧಾನ ವೃತ್ತಿಯಾಗಿ ಉಳಿಯಬೇಕು; ಆತಿಥ್ಯವು ಅದಕ್ಕೆ ಊರೆಗೋಲಾಗಿರಬೇಕೇ ಹೊರತು ಅದನ್ನು ನುಂಗಬಾರದು. ಇದರಲ್ಲಿರುವ ವಿವೇಕವು ಸ್ಪಷ್ಟವಾಗಿದೆ. ನೋಡಲು ಬಂದವನ ಕಣ್ಣಿಗೆ ಹಬ್ಬವಾಗುವುದು ಬೆಳೆ. ಬೆಳೆಯು ಹೋದರೆ ನೋಟವೂ ಹೋಯಿತು.

“ಇದು ಬರಗಾಲದ ಸೀಮೆ, ಇಲ್ಲಿಗೆ ತೋಟ ನೋಡಲು ಬರುವವರಾರು?” ಎಂದು ಕೆಲವು ಜಮೀನುದಾರರು ಕೇಳಬಹುದು. ಹೊಸದುರ್ಗದ ಕಡೆಯ ಸಾವೆಯ ಹೊಲ, ಹೊಳಲ್ಕೆರೆಯ ಅಡಕೆಯ ತೋಟ, ಹಿರಿಯೂರಿನ ದಾಳಿಂಬೆ, ಹೊಲದ ಮಗ್ಗುಲಲ್ಲಿಯೇ ಎದ್ದು ನಿಂತ ಬಂಡೆಯ ಬೆಟ್ಟ, ಇವುಗಳ ನಡುವೆ ಹುಟ್ಟಿ ಬೆಳೆದವನಿಗೆ ಇವು ಸಾಮಾನ್ಯವಾಗಿ ತೋರುವುದು ಸಹಜ. ಪಟ್ಟಣದ ಮಗುವಾದರೋ ಸಾವೆಯ ತೆನೆಯನ್ನು ಕಂಡಿರುವುದಿಲ್ಲ. ನೀರನ್ನು ಕೆಲವು ಕಾಲ ತಡೆದು ದಾಳಿಂಬೆಯನ್ನು ಹೂವಿಗೆ ತರುವ ಉಪಾಯವನ್ನು ಅದರ ತಂದೆಯೂ ಕೇಳಿರುವುದಿಲ್ಲ. ಕಡಮೆ ನೀರಿನಲ್ಲಿ ಬೆಳೆ ತೆಗೆಯುವ ಜಾಣ್ಮೆಯೇ ಈ ಸೀಮೆಯ ವಿಶೇಷ ನೋಟವೆಂದರೆ ತಪ್ಪಾಗಲಾರದು.

ಮತ್ತೆ ಕೆಲವರು, “ಮನೆಗೆ ಬಂದವರಿಗೆ ಅನ್ನವಿಕ್ಕಿ ಹಣ ಕೇಳುವುದು ಧರ್ಮವೇ?” ಎಂದು ಸಂಕೋಚಪಡುವರು. ಈ ಸಂಕೋಚವು ಗೌರವಕ್ಕೆ ಅರ್ಹವಾದುದು. ದಾರಿಹೋಕನಿಗೆ ಕೊಡುವ ನೀರಿಗೂ ನೆಂಟನಿಗೆ ಬಡಿಸುವ ಮುದ್ದೆಗೂ ಯಾರೂ ಬೆಲೆಕಟ್ಟಲಾರರು. ಆದರೆ ವಿನೋದಕ್ಕಾಗಿ ಹಣ ವೆಚ್ಚಮಾಡಿಯೇ ಹೊರಟವರು ಒಂದು ದಿನವೆಲ್ಲ ತೋಟದಲ್ಲಿದ್ದು, ಉಂಡು, ಕಲಿತು ಹೋಗುವುದು ಬೇರೆಯ ಮಾತು. ಅಲ್ಲಿ ರೈತನ ಹೊತ್ತಿಗೂ ಅರಿವಿಗೂ ನ್ಯಾಯವಾದ ಪ್ರತಿಫಲವನ್ನು ಪಡೆಯುವುದು ತಪ್ಪಲ್ಲ. ಇದರಲ್ಲಿ ಇನ್ನೊಂದು ಧರ್ಮಸೂಕ್ಷ್ಮವುಂಟು. ಹತ್ತು ಮಂದಿಗೆ ಅಡಿಗೆಯ ಶ್ರಮವು ಬೀಳುವುದು ಮನೆಯ ಹೆಂಗಸರ ಮೇಲೆ. ಯಜಮಾನನು ಜಗುಲಿಯ ಮೇಲೆ ಕುಳಿತು ಮಾತನಾಡಿ ಹಣವನ್ನು ಕೈಗೆ ತೆಗೆದುಕೊಂಡು, ಒಲೆಯ ಮುಂದೆ ಬೆಂದವಳಿಗೆ ಪಾಲಿಲ್ಲವೆಂದರೆ ಆ ಏರ್ಪಾಡು ಒಂದು ವರ್ಷವೂ ನಿಲ್ಲದು. ಊಟದ ಹಣವು ಆಕೆಯ ಕೈಗೇ, ಇಲ್ಲವೆ ಗ್ರಾಮದ ಸ್ತ್ರೀಶಕ್ತಿ ಸಂಘದ ಲೆಕ್ಕಕ್ಕೇ ಸಲ್ಲತಕ್ಕದ್ದು.

ತೋಟಕ್ಕೆ ಜನರನ್ನು ಬರಮಾಡಿಕೊಳ್ಳುವವರು ಬೆಳೆಯ ಕ್ಷೇಮವನ್ನು ಮೊದಲು ನೋಡಬೇಕು. 1860ರ ದಶಕದಲ್ಲಿ ಅಮೆರಿಕದಿಂದ ತರಿಸಿದ ಬಳ್ಳಿಗಳೊಡನೆ ಫಿಲಾಕ್ಸೆರಾ ಎಂಬ ಸಣ್ಣ ಹುಳುವು ಯೂರೋಪಿಗೆ ಬಂದು ಅಲ್ಲಿನ ದ್ರಾಕ್ಷಿತೋಟಗಳ ಬಹುಭಾಗವನ್ನು ಹಾಳುಮಾಡಿತು. ದಾಳಿಂಬೆಗೆ ತಗಲುವ ದುಂಡಾಣು ಅಂಗಮಾರಿಯೂ ರೋಗವಿರುವ ಕಡ್ಡಿಗಳಿಂದಲೂ, ಮಳೆಯ ಹನಿಗಳ ಸಿಡಿತದಿಂದಲೂ, ಶುದ್ಧಿಮಾಡದ ಕತ್ತರಿಗಳಿಂದಲೂ ಹರಡತಕ್ಕದ್ದು. ಆದುದರಿಂದ ಎಲೆಗಳು ಒದ್ದೆಯಾಗಿರುವಾಗ ಅತಿಥಿಗಳನ್ನು ಸಾಲುಗಳ ನಡುವೆ ಬಿಡಕೂಡದು. ಬೇರೆ ತೋಟದ ಕಡ್ಡಿ ಹಣ್ಣುಗಳನ್ನು ಒಳಕ್ಕೆ ತರಗೊಡಬಾರದು. ಹಣ್ಣನ್ನು ಕೊಯ್ಯುವ ಕತ್ತರಿಯನ್ನು ಶುದ್ಧಿಮಾಡಿಯೇ ಕೊಡಬೇಕು. ಔಷಧಿಯನ್ನು ಸಿಂಪಡಿಸಿದ ತೋಟಕ್ಕೆ ಅದರ ಚೀಟಿಯಲ್ಲಿ ಹೇಳಿರುವ ಅವಧಿಯು ಕಳೆಯುವವರೆಗೂ ಯಾರನ್ನೂ ಸೇರಿಸಬಾರದು. ಜೋಗಿಮಟ್ಟಿಯಂತಹ ಕಾಡುಗಳಿಗೆ ಕರೆದೊಯ್ಯುವವರು ಅರಣ್ಯ ಇಲಾಖೆಯ ಅಪ್ಪಣೆಯನ್ನು ಪಡೆದೇ ಹೋಗತಕ್ಕದ್ದು. ಬೇಸಗೆಯಲ್ಲಿ ಒಂದು ಬೀಡಿಯ ಕಿಡಿಯು ಬೆಟ್ಟದ ಹುಲ್ಲನ್ನೆಲ್ಲ ಸುಡಬಲ್ಲುದು.

ಎಲ್ಲಕ್ಕಿಂತಲೂ ಹೆಚ್ಚಾಗಿ ಯೋಚಿಸತಕ್ಕ ವಿಷಯವೊಂದಿದೆ. ನೋಟ ಚೆನ್ನಾಗಿರುವ ಗುಡ್ಡದ ಮಗ್ಗುಲಿನ ಹೊಲಕ್ಕೆ ಕೈತುಂಬ ಬೆಲೆ ಕೊಡುವೆನೆಂದು ಪಟ್ಟಣದವನೊಬ್ಬನು ಬಂದಾಗ, ಮೂರು ಮಳೆಗಾಲ ಕೈಕೊಟ್ಟ ರೈತನು ಕಾಗದಕ್ಕೆ ರುಜುಹಾಕುವುದು ಆಶ್ಚರ್ಯವಲ್ಲ. 2020ರಲ್ಲಿ ಭೂಸುಧಾರಣೆಯ ಕಾಯಿದೆಯು ತಿದ್ದುಪಡಿಯಾಗಿ, ಬೇಸಾಯಗಾರರಲ್ಲದವರು ಜಮೀನನ್ನು ಕೊಳ್ಳುವುದಕ್ಕಿದ್ದ ನಿರ್ಬಂಧಗಳು ಸಡಿಲವಾದುವು. ಕೊಂಡವನು ಅಲ್ಲಿ ವಸತಿಗೃಹವನ್ನು ಕಟ್ಟಿ, ಆಳವಾದ ಕೊಳವೆ ಬಾವಿಯನ್ನು ಕೊರೆಸಿ ಈಜುಕೊಳವನ್ನು ತುಂಬಿಸಿದನೆಂದರೆ ನೆರೆಯ ನಾಲ್ಕು ತೋಟಗಳ ನೀರು ಇಳಿಯುವುದು. ಹೊಲವನ್ನು ಮಾರಿದವನ ಮಗನು ಅದೇ ವಸತಿಗೃಹದ ಬಾಗಿಲಲ್ಲಿ ಕಾವಲುಗಾರನಾಗಿ ನಿಲ್ಲುವನು. ಬೆಟ್ಟದ ನೋಟದಿಂದ ಬರುವ ಲಾಭವು ಪರರ ಪಾಲಾಗಿ, ನಷ್ಟವು ಊರಿನ ಪಾಲಾಗುವ ಬಗೆ ಇದು.

ಇದನ್ನು ತಡೆಯಲು ಗ್ರಾಮದ ಮುಖಂಡರಿಗೆ ಸಾಧ್ಯವುಂಟು. ಒಬ್ಬೊಬ್ಬ ಜಮೀನುದಾರನು ಪ್ರತ್ಯೇಕವಾಗಿ ಪೈಪೋಟಿ ಹೂಡುವ ಬದಲು ಊರಿನವರೆಲ್ಲ ಕೂಡಿ, ಜನರು ನಡೆಯತಕ್ಕ ಹಾದಿಯನ್ನು ಗೊತ್ತುಮಾಡಲಿ; ಕಸಕ್ಕೆ ಸ್ಥಳವನ್ನೂ, ಪ್ರವೇಶಕ್ಕೆ ಸಲ್ಲತಕ್ಕ ಹಣವನ್ನೂ ನಿರ್ಣಯಿಸಿ, ಅದರಲ್ಲಿ ಒಂದು ಪಾಲನ್ನು ಕೆರೆಯ ಹೂಳೆತ್ತುವ ಕೆಲಸಕ್ಕೆ ಮೀಸಲಿಡಲಿ. ಮೊದಲ ವರ್ಷ ಒಂದು ತೋಟ, ಒಂದು ಹಾದಿ, ಒಂದು ಊಟದ ಮನೆ ಇದ್ದರೆ ಸಾಕು. ಸಾಲಮಾಡಿ ಕಟ್ಟಡಗಳನ್ನು ಎಬ್ಬಿಸುವುದು ಬೇಡ. ಇರುವ ತೊಟ್ಟಿಯ ಮನೆ, ಕಣ, ಹೊಂಗೆಯ ನೆರಳು, ಇವೇ ಯಥೇಷ್ಟವಾದುವು. ಬಂದವರ ಸಂಖ್ಯೆಯನ್ನು ನೋಡಿ ಹಿಗ್ಗುವುದಕ್ಕಿಂತ, ವರ್ಷಾಂತ್ಯದಲ್ಲಿ ಉಳುವ ಭೂಮಿಯು ಒಂದು ಗುಂಟೆಯಾದರೂ ಕಡಮೆಯಾಯಿತೇ ಎಂದು ಲೆಕ್ಕ ನೋಡಿಕೊಳ್ಳುವುದು ಮೇಲು. ಕಡಮೆಯಾಗಿಲ್ಲವಾದರೆ ಆ ಗ್ರಾಮದ ಏರ್ಪಾಡು ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಬಹುದು.