ಹಸಿ ಮಡಕೆಯೂ ಬಿಸಿ ಮಾತೂ

ಗೃಹಸ್ಥರ ದಿನಚರಿಯಲ್ಲಿ ಕಿರಿಕಿರಿಗಳಿಗೆ ಕೊರತೆಯುಂಟೆ? ನಲ್ಲಿಯಲ್ಲಿ ನೀರು ಬಾರದು. ಒಲೆಯ ಮೇಲಣ ಹಾಲು ಉಕ್ಕಿಹೋಗುವುದು. ಕಚೇರಿಯವರು ‘ನಾಳೆ ಬನ್ನಿ’ ಎನ್ನುವರು. ಅಂತಹ ದಿನಗಳಲ್ಲಿ ನಾವು ಹಿತ್ತಿಲಿನ ತಿಗುರಿಯ ಮುಂದೆ ಕುಳಿತುಬಿಡುವೆವು. ಉಪಾಧ್ಯಾಯ ವೃತ್ತಿಯಿಂದ ವಿಶ್ರಾಂತರಾದ ಬಳಿಕ ನಾವು ಹಿಡಿದ ಹವ್ಯಾಸವಿದು.

ಮಣ್ಣು ಅವಸರವನ್ನು ಸಹಿಸದು. ಹಸಿ ಮಡಕೆಯನ್ನು ನೆರಳಿನಲ್ಲಿ ಮೆಲ್ಲನೆ ಆರಿಸಬೇಕು. ಒಳಗೆ ತೇವವಿರುವಾಗಲೇ ಆವಿಗೆಗಿಟ್ಟು ಉರಿಯೇರಿಸಿದರೆ, ನೀರು ಆವಿಯಾಗಿ, ಹೊರಬರಲು ದಾರಿ ಕಾಣದೆ, ಮಡಕೆಯನ್ನೇ ಸಿಡಿಸುವುದು.

ಆರುವವರೆಗೆ ಮನಸ್ಸಿಗೊಂದು ಕುತೂಹಲ ಬೇಕಲ್ಲವೆ? ಸುಟ್ಟ ಮಡಕೆ ಕೆಂಪಾಗುವುದೇಕೆ? ಬೆಂಕಿಯಲ್ಲಿ ಘಟವು ಪರಮಾಣುಗಳಾಗಿ ಬಿಡಿಬಿಡಿಯಾಗಿ, ಅವು ಬಣ್ಣ ಬದಲಿಸಿ ಮತ್ತೆ ಕೂಡುವುವೆಂದು ವೈಶೇಷಿಕರು. ಘಟವು ಇದ್ದಂತೆಯೇ ಇದ್ದು ಬಣ್ಣವನ್ನು ಪಡೆಯುವುದೆಂದು ನೈಯಾಯಿಕರು. ಮೊದಲನೆಯದು ಪೀಲುಪಾಕವಾದ, ಎರಡನೆಯದು ಪಿಠರಪಾಕವಾದ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪಾಗುವುದೆಂದು ಇಂದಿನ ರಸಾಯನಶಾಸ್ತ್ರವು ಹೇಳುವುದು. ಗಾಳಿ ಸಾಲದೆ ಹೊಗೆ ಕವಿದರೆ ಅದೇ ಮಣ್ಣು ಕಪ್ಪಾಗುವುದು.

ಮನೆತನವೂ ಹೀಗೆಯೇ. ಒಂದೇ ಮನೆ; ಗಾಳಿಯಾಡಿದರೆ ಒಂದು ಬಣ್ಣ, ಹೊಗೆ ಕವಿದರೆ ಇನ್ನೊಂದು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಅರಿಯದವರಾರು? ನಲ್ಲಿಯ ಮೇಲಣ ಸಿಟ್ಟನ್ನು ಮಡದಿಯ ಮೇಲೂ, ಕಚೇರಿಯ ಮೇಲಣ ಸಿಟ್ಟನ್ನು ಮೊಮ್ಮಗನ ಮೇಲೂ ತೀರಿಸಿಕೊಂಡರೆ, ಅನೇಕ ವರುಷಗಳ ವಿಶ್ವಾಸವು ಒಂದು ಮಾತಿಗೆ ಬಿರಿಯುವುದು. ಸುಟ್ಟ ಮಡಕೆಯ ಬಿರುಕು ಮತ್ತೆ ಮಣ್ಣಿನಿಂದ ಕೂಡದು.

ಆದುದರಿಂದ, ವಾಚಕ ಮಹಾಶಯರೆ, ಕೋಪವನ್ನು ಮೊದಲು ನೆರಳಿನಲ್ಲಿ ಆರಗೊಡಿರಿ, ಬಳಿಕ ಮಾತನಾಡಿರಿ.