ಶಿಮಾಕಾಝೆ ಎಂಬ ಹಡಗು

‘ವರ್ಲ್ಡ್ ಆಫ್ ವಾರ್‌ಶಿಪ್ಸ್’ ಎಂಬ ಕಂಪ್ಯೂಟರ್ ಆಟ ಬಂದದ್ದು 2015ರಲ್ಲಿ. ವೈಟ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನ ಹುಡುಗರಿಗೆ, ನನ್ನ ಮೊಮ್ಮಗನಿಗೂ, ಅದರಲ್ಲಿರುವ ಜಪಾನಿನ ಡಿಸ್ಟ್ರಾಯರ್ ಶಿಮಾಕಾಝೆ ಎಂದರೆ ಪ್ರಾಣ. ಇಂಥ ಆಟಗಳನ್ನು ಮನೆಗೇ ಸೇರಿಸಬಾರದು ಎನ್ನುವವರು ನಮ್ಮ ಬಂಧುಗಳಲ್ಲಿ ಹಲವರಿದ್ದಾರೆ. ನಾನು ಒಪ್ಪಲಾರೆ. ಆ ಹಡಗಿನ 15 ಟಾರ್ಪೆಡೊ ಕೊಳವೆಗಳನ್ನೂ ಪರೀಕ್ಷಾ ಯಾನದಲ್ಲಿ ಅದು ಮುಟ್ಟಿದ, ಗಂಟೆಗೆ ಸುಮಾರು 75 ಕಿ.ಮೀ. ವೇಗವನ್ನೂ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಸಮಾಜ ವಿಜ್ಞಾನದ ಪಠ್ಯಪುಸ್ತಕ ಇಷ್ಟು ಆಸಕ್ತಿ ಹುಟ್ಟಿಸಿದ್ದನ್ನು ನಾನಂತೂ ಕಾಣೆ!

ನನ್ನ ಆಕ್ಷೇಪ ಬೇರೆಯದು. ಆ ಬಗೆಯ ಹಡಗನ್ನು ಜಪಾನ್ ಕಟ್ಟಿದ್ದು ಒಂದೇ ಒಂದು. ಆಟದಲ್ಲಾದರೋ ಒಂದೇ ಕದನದಲ್ಲಿ ಎರಡೂ ಪಕ್ಷಗಳಲ್ಲಿ ಶಿಮಾಕಾಝೆಗಳು. ಮುಳುಗಿದ್ದು ಮುಂದಿನ ಕದನಕ್ಕೆ ಮತ್ತೆ ಸಿದ್ಧ. ನಿಜವಾದ ಶಿಮಾಕಾಝೆ 1943ರ ಮೇ ತಿಂಗಳಲ್ಲಿ ಸೇವೆಗೆ ಸೇರಿತು. 1944ರ ನವೆಂಬರ್ 11ರಂದು, ಸೈನಿಕರನ್ನು ಹೊತ್ತ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ, ಫಿಲಿಪೀನ್ಸಿನ ಒರ್ಮೋಕ್ ಕೊಲ್ಲಿಯಲ್ಲಿ ಅಮೆರಿಕದ ವಿಮಾನಗಳು ಅದನ್ನು ಮುಳುಗಿಸಿದವು. ಆಕಾಶದಿಂದ ಬಂದವರೆದುರು ಟಾರ್ಪೆಡೊಗಳು ಏನು ಮಾಡಿಯಾವು? ಇದನ್ನು ಹೇಳಿದಾಗ ಮೊಮ್ಮಗ, “ತಾತ, ಅದರೊಳಗೆ ಎಷ್ಟು ಜನ ಇದ್ರು?” ಎಂದ. ಆಟ ಆಡುವಾಗ ಈ ಪ್ರಶ್ನೆ ಹುಟ್ಟಿರಲಿಲ್ಲ; ಹುಟ್ಟುವುದಾದರೂ ಹೇಗೆ? ಅಲ್ಲಿ ಡೆಕ್ಕಿನ ಮೇಲೆ ಒಬ್ಬ ನಾವಿಕನೂ ಕಾಣುವುದಿಲ್ಲ.

ಆ ಯುದ್ಧ ನಮ್ಮಿಂದ ದೂರದ್ದೇನೂ ಆಗಿರಲಿಲ್ಲ. 1942ರ ಮಾರ್ಚ್‌ನಲ್ಲಿ ಜಪಾನ್ ಅಂಡಮಾನನ್ನು ಹಿಡಿಯಿತು. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳಿದ್ದರು. ಮಕ್ಕಳ ತಂದೆತಾಯಿಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಟವನ್ನು ನಿಲ್ಲಿಸುವುದು ಬೇಡ. ಒಂದು ಸಂಜೆ ಭೂಪಟ ಬಿಡಿಸಿ ಒರ್ಮೋಕ್ ಎಲ್ಲಿದೆಯೆಂದು ತೋರಿಸಲಿ.